ಮಕ್ಕಳನ್ನು ನೋಡಿಕೊಳ್ಳುವವರು ದಿನಕ್ಕೆ ಎಷ್ಟು ದೂರ ನಡೆಯಬೇಕು? ಮಾಟುಂಗಾದಲ್ಲಿ ಒಂದು ಆಯಾ ಏಜೆನ್ಸಿ ಜೊತೆ 11 ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಆ ಮೂರೂ ನಮ್ಮ ಮನೆಗೆ ಬಂದ ಹೆಂಗಸಿಗೆ ಸೇರಬೇಕಾದದ್ದು. ಎರಡು ಕಡಿಮೆಯಾಗಿದ್ದು ಏಜೆನ್ಸಿಯಿಂದ.

ಏಜೆನ್ಸಿ ಹೆಸರು ಹಾಕುತ್ತಿಲ್ಲ. ಕಳೆದ ವರ್ಷ ನಾನು ವಿಚಾರಿಸಿದ ನಾಲ್ಕು ಕಡೆಯೂ ಅಗ್ರಿಮೆಂಟ್ ಹೆಚ್ಚುಕಮ್ಮಿ ಒಂದೇ ಥರ ಇತ್ತು. ಒಬ್ಬರ ಹೆಸರು ಬರೆದರೆ ಉಳಿದವರು ಒಳ್ಳೆಯವರು ಅಂತ ನೀವು ಅಂದುಕೊಳ್ಳುತ್ತೀರಿ. ಮುಂಬೈಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವ, ಊರಿಂದ ಅಮ್ಮನೋ ಅತ್ತೆಯೋ ಬಂದು ಕಾಯಂ ಇರಲಾಗದ ಮನೆಯವರು ಇದನ್ನು ಪೂರ್ತಿ ಓದಿ. ನಮ್ಮಂಥ ಮನೆಗಳಲ್ಲಿ ಎಲ್ಲರೂ ಊಟ, ಡಯಾಪರ್, ಮೊಬೈಲ್ ಎಲ್ಲ ಮಾತಾಡುತ್ತೇವೆ. ನಡಿಗೆಯ ಮಾತು ಮಾತ್ರ ಯಾರೂ ತೆಗೆಯುವುದಿಲ್ಲ.

ನಮ್ಮ ಮನೆ ಮಾಟುಂಗಾ ಪೂರ್ವದಲ್ಲಿ, ತೆಲಂಗ್ ರಸ್ತೆಯ ಒಂದು ಲೇನ್. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಎರಡು ತುಂಬುತ್ತಾ ಬಂತು. ಮಗಳ ಶಾಲೆ ವಡಾಲಾ ಕಡೆ, ಕತ್ರಕ್ ರಸ್ತೆಯ ಹತ್ತಿರ. ಮ್ಯಾಪ್‌ನಲ್ಲಿ 1.5 ಕಿಲೋಮೀಟರ್, 20 ನಿಮಿಷದ ನಡಿಗೆ ಎಂದು ತೋರಿಸುತ್ತದೆ. ನಮ್ಮ ಲೇನಿಗೆ ಸ್ಕೂಲ್ ವ್ಯಾನ್ ಬರುವುದಿಲ್ಲ. ಸಂದರ್ಶನದ ದಿನ ಏಜೆನ್ಸಿಯ ಸೂಪರ್‌ವೈಸರ್ ಕೇಳಿದಾಗ ನಾನು ಹೇಳಿದ್ದು ಇಷ್ಟೇ: ಶಾಲೆಗೆ ಬಿಡುವುದು, ಕರೆತರುವುದು, ಸಂಜೆ ಗಾರ್ಡನ್. ಅವರು ಕಾಗದದಲ್ಲಿ 'ಹೊರಗೆ ಕರೆದುಕೊಂಡು ಹೋಗುವುದು' ಅಂತ ಒಂದು ಗೆರೆ ಬರೆದುಕೊಂಡರು. ಆ ಒಂದು ಗೆರೆಯೊಳಗೆ ಎಷ್ಟು ಕಿಲೋಮೀಟರ್ ಇದೆ ಅಂತ ಅವರೂ ಲೆಕ್ಕ ಹಾಕಲಿಲ್ಲ, ನಾನೂ ಹಾಕಲಿಲ್ಲ.

ಬಂದವರು ಕಲಬುರಗಿ ಕಡೆಯವರು. ಇಪ್ಪತ್ತು ವರ್ಷದಿಂದ ಮುಂಬೈಯಲ್ಲಿದ್ದಾರೆ, ಮನೆ ಗೋವಂಡಿಯಲ್ಲಿ. ಮಕ್ಕಳು ಮೌಶಿ (ಮರಾಠಿಯಲ್ಲಿ ಚಿಕ್ಕಮ್ಮ) ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಕನ್ನಡ ಮಾತಾಡುವವರು ಸಿಕ್ಕಿದರಲ್ಲ ಅಂತ ನನಗೆ ಎಷ್ಟು ಖುಷಿಯಾಯಿತು ಅಂದರೆ ಬೇರೆ ಏನೂ ಕೇಳಲು ಹೊಳೆಯಲಿಲ್ಲ. ಮಗಳು ಎರಡೇ ತಿಂಗಳಲ್ಲಿ 'ನಂಗ ರೊಟ್ಟಿ ಬೇಕು' ಅನ್ನಲು ಶುರು ಮಾಡಿದಳು. ಮಗನಿಗೆ ಜ್ವರ ಬಂದ ದಿನ ಅವರು ಕೇಳದೆಯೇ ಎಂಟು ಗಂಟೆಯ ತನಕ ಕೂತರು. ಇಂಥವರನ್ನು ಹುಡುಕಿ ಕಳಿಸಿದ್ದಕ್ಕೆ ಏಜೆನ್ಸಿಗೆ ಒಂದು ಥ್ಯಾಂಕ್ಸ್ ಸಲ್ಲಬೇಕು. ಆಧಾರ್, ಪೊಲೀಸ್ ವೆರಿಫಿಕೇಶನ್ ಎಲ್ಲ ಮೊದಲ ವಾರದಲ್ಲೇ ಕೊಟ್ಟರು, ಅದರಲ್ಲಿ ದೂರಿಲ್ಲ.

ದೂರು ಶುರುವಾಗಿದ್ದು ಅಕ್ಟೋಬರ್‌ನಲ್ಲಿ.

ಮೌಶಿ ನಾಲ್ಕು ದಿನ ಊರಿಗೆ ಹೋದರು. ಆಫೀಸಿಗೆ ರಜೆ ಹಾಕಿ ನಾನೇ ಅವರ ಕೆಲಸವೆಲ್ಲ ಮಾಡಿದೆ. ಬೆಳಿಗ್ಗೆ ಎಂಟೂಕಾಲಿಗೆ ಇಬ್ಬರನ್ನೂ ಕರೆದುಕೊಂಡು ಹೊರಟೆ. ಚಿಕ್ಕವನು ಸ್ಟ್ರಾಲರ್‌ನಲ್ಲಿ, ದೊಡ್ಡವಳು ಸ್ಟ್ರಾಲರ್ ಹಿಡಿದುಕೊಂಡು. ಹೋಗುವಾಗ ಅಂಥ ಕಷ್ಟ ಇರಲಿಲ್ಲ, 32 ನಿಮಿಷ ಹಿಡಿಯಿತು. ತೊಂದರೆ ಆಗಿದ್ದು ಮಧ್ಯಾಹ್ನ. ಹನ್ನೆರಡಕ್ಕೆ ಶಾಲೆ ಬಿಡುತ್ತದೆ. ಮುಂಬೈಯ ಅಕ್ಟೋಬರ್ ಬಿಸಿಲು ಗೊತ್ತಲ್ಲ, ಮಳೆ ನಿಂತ ಮೇಲೆ ಬರುವ ಆ ಸೆಖೆ. ಶಾಲೆ ಗೇಟಿನಿಂದ ಇನ್ನೂರು ಹೆಜ್ಜೆ ಬಂದಿರಬಹುದು, ಚಿಕ್ಕವನು ಸ್ಟ್ರಾಲರ್ ಬೇಡ ಅಂತ ಬಿಲ್ಲಿನ ಹಾಗೆ ಬಾಗಿ ಅಳಲು ಶುರು ಮಾಡಿದ. ಎತ್ತಿಕೊಂಡೆ. ಹನ್ನೊಂದೂವರೆ ಕೆಜಿ. ಈಗ ನೋಡಿ, ಎಡ ಸೊಂಟದ ಮೇಲೆ ಮಗು, ಬಲಗೈಯಲ್ಲಿ ಖಾಲಿ ಸ್ಟ್ರಾಲರ್, ಅದರ ಹಿಡಿಕೆಗೆ ಸ್ಕೂಲ್ ಬ್ಯಾಗು, ವಾಟರ್ ಬಾಟಲ್. ದೊಡ್ಡವಳ ಕೈ ಹಿಡಿಯಲು ಮೂರನೇ ಕೈ ಎಲ್ಲಿಂದ ತರಲಿ? 'ಇದನ್ನ ಬಿಡಬೇಡ ಪುಟ್ಟಾ' ಅಂತ ಸ್ಟ್ರಾಲರ್ ಕಂಬಿ ಹಿಡಿಸಿದೆ.

ಫೈವ್ ಗಾರ್ಡನ್ಸ್ ತನಕ ಮರದ ನೆರಳಿದೆ, ಕೂರಲು ಬೆಂಚಿದೆ. ಅಲ್ಲಿ ಹತ್ತು ನಿಮಿಷ ಕೂತೆವು. ಅಲ್ಲಿಂದ ಮನೆವರೆಗೆ ಕೂರಲು ಒಂದು ಕಟ್ಟೆ ಇಲ್ಲ. ಫುಟ್‌ಪಾತಿನ ಪೇವರ್ ಬ್ಲಾಕ್ ಒಂದು ಎದ್ದಿರುತ್ತದೆ, ಒಂದು ಕುಸಿದಿರುತ್ತದೆ, ಸ್ಟ್ರಾಲರ್‌ನ ಮುಂದಿನ ಚಕ್ರ ಸಿಕ್ಕಿಕೊಂಡು ಅಡ್ಡ ತಿರುಗುತ್ತದೆ. ಅರ್ಧ ಫುಟ್‌ಪಾತಿನಲ್ಲಿ ಬೈಕ್ ನಿಲ್ಲಿಸಿರುತ್ತಾರೆ, ಆಗ ರಸ್ತೆಗೇ ಇಳಿಯಬೇಕು. ಆಮೇಲೆ ಅಂಬೇಡ್ಕರ್ ರಸ್ತೆ. ಸಿಗ್ನಲ್ ಬಿಟ್ಟಾಗ ಒಬ್ಬಳೇ ಇದ್ದರೆ ನಾನು ಆರಾಮಾಗಿ ದಾಟುತ್ತೇನೆ. ಮಗಳ ಹೆಜ್ಜೆಯಲ್ಲಿ ನಡು ರಸ್ತೆ ತಲುಪುವಷ್ಟರಲ್ಲಿ ಸಿಗ್ನಲ್ ಬದಲಾಯಿತು. ಫ್ಲೈಓವರ್ ಕೆಳಗೆ ನಿಂತೆವು, ಎರಡೂ ಕಡೆ ಬಸ್ಸು, ಟ್ಯಾಕ್ಸಿ. ಅಲ್ಲಿ ಮಗಳು ಕೂತೇ ಬಿಟ್ಟಳು, 'ಅಮ್ಮಾ, ನನ್ನೂ ಎತ್ಕೋ' ಅಂದಳು. ಮನೆಗೆ ಬಂದಾಗ ಗಡಿಯಾರ ನೋಡಿದೆ, ಬರೋಬ್ಬರಿ 55 ನಿಮಿಷ. ಮ್ಯಾಪ್ ಹೇಳಿದ್ದು 20.

ಆ ಸಂಜೆ ಮಕ್ಕಳು ರೂಢಿಯಂತೆ 'ಗಾರ್ಡನ್' ಅಂತ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತರು. ನನಗೆ ಆಗಲಿಲ್ಲ. ಟಿವಿ ಹಾಕಿ ಮಲಗಿದೆ. ಮಲಗಿದಲ್ಲೇ ಲೆಕ್ಕ ಹಾಕಿದೆ. ಬೆಳಿಗ್ಗೆ ಹೋಗಿ ಬರುವುದು 3 ಕಿಲೋಮೀಟರ್. ಮಧ್ಯಾಹ್ನ ಮತ್ತೆ 3. ಸಂಜೆ ಫೈವ್ ಗಾರ್ಡನ್ಸ್‌ಗೆ ಹೋಗಿ ಬಂದರೆ ಇನ್ನೂ 2. ಒಟ್ಟು 8 ಕಿಲೋಮೀಟರ್, ಅದೂ ಹೆಚ್ಚಿನ ಹೊತ್ತು ಒಂದು ಮಗು ಸೊಂಟದ ಮೇಲೆ. ಇದಕ್ಕೆ ಮೊದಲು ಅವರು ಗೋವಂಡಿಯಿಂದ ಹಾರ್ಬರ್ ಲೈನ್ ರೈಲಿನಲ್ಲಿ ಜಿಟಿಬಿ ನಗರಕ್ಕೆ ಬಂದು ಅಲ್ಲಿಂದ 25 ನಿಮಿಷ ನಡೆದು ನಮ್ಮ ಮನೆಗೆ ಬಂದಿರುತ್ತಾರೆ. ಸಂಜೆ ಮತ್ತೆ ಅಷ್ಟೇ ನಡೆದು ಹೋಗಬೇಕು. ಜೂನ್‌ನಿಂದ ಅಕ್ಟೋಬರ್ ತನಕ, ಮಳೆಗಾಲ ಪೂರ್ತಿ, ವಾರಕ್ಕೆ ಐದು ದಿನ. ನನಗೆ ನಿಜವಾಗಿ ಅಳು ಬಂತು.

ಅವರು ಊರಿಂದ ಬಂದ ದಿನ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ನೋಡಿದೆ. ಎಡಗಾಲಿನ ಚಪ್ಪಲಿಯ ಹಿಮ್ಮಡಿ ಹೊರಗಿನ ಅಂಚಿನಲ್ಲಿ ಕಾಗದದಷ್ಟು ತೆಳ್ಳಗೆ ಸವೆದಿತ್ತು. ಬಲಗಾಲಿನದು ಇನ್ನೂ ಚೆನ್ನಾಗಿತ್ತು. ಚಿಕ್ಕವನನ್ನು ಅವರು ಯಾವಾಗಲೂ ಎಡಗಡೆ ಎತ್ತಿಕೊಳ್ಳುತ್ತಾರೆ. ಐದು ತಿಂಗಳಿಂದ ಆ ಚಪ್ಪಲಿ ನಮ್ಮ ಬಾಗಿಲಲ್ಲೇ ಇತ್ತು.

ಕೂರಿಸಿ ಕೇಳಿದೆ. ಮೊದಲು ಏನೂ ಇಲ್ಲ ಅಂದರು. ಆಮೇಲೆ ಹೇಳಿದರು, 'ಅಕ್ಕಾರ, ಹೋಗೂದು ಏನಿಲ್ರಿ, ಬರೂದ ಭಾಳ ತ್ರಾಸ ಆಗ್ತದ. ಸಣ್ಣಂವ ನಡಿಯಂಗಿಲ್ಲ, ದೊಡ್ಡಾಕಿ ಕೈ ಬಿಡಂಗಿಲ್ಲ.' ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, 'ಆಗಂಗಿಲ್ಲ ಅಂದ್ರ ಕೆಲಸ ಹೋಗ್ತದಂತ ಸುಮ್ಮ ಇದ್ದೆರಿ.'

ಅವರ ಆ ಹೆದರಿಕೆ ಸರಿಯಾಗಿಯೇ ಇತ್ತು. ಅದು ಗೊತ್ತಾಗಿದ್ದು ಏಜೆನ್ಸಿಗೆ ಫೋನ್ ಮಾಡಿದಾಗ. ನಾನು ಕೇಳಿದ್ದು ಸರಳ. ನಡಿಗೆ ಇಷ್ಟಿದೆ, ಇದನ್ನು ಕಡಿಮೆ ಮಾಡಬೇಕು, ಅಗ್ರಿಮೆಂಟ್‌ನಲ್ಲಿ ಹೇಗೆ ಬರೆಯೋಣ, ಬೇರೆ ಮನೆಗಳಲ್ಲಿ ಹೇಗೆ ಮಾಡಿದ್ದೀರಿ? ಸೂಪರ್‌ವೈಸರ್ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. 'ಮೇಡಂ, ಅವರಿಗೆ ಆಗಲ್ಲ ಅಂದ್ರೆ ಸೋಮವಾರವೇ ಬೇರೆಯವರನ್ನ ಕಳಿಸ್ತೀವಿ, ರಿಪ್ಲೇಸ್‌ಮೆಂಟ್ ಫ್ರೀ, ಸ್ವಲ್ಪ ಚಿಕ್ಕ ವಯಸ್ಸಿನವರನ್ನ ಕೊಡ್ತೀವಿ' ಅಂದರು. ನಾನು ದಾರಿ ಉದ್ದ ಇದೆ ಅಂದೆ, ಅವರಿಗೆ ಕೇಳಿಸಿದ್ದು ಹೆಂಗಸು ಸರಿ ಇಲ್ಲ ಅಂತ. ಎರಡನೇ ಸಲ ಫೋನ್ ಮಾಡಿದಾಗಲೂ ಅದೇ ಉತ್ತರ. ಒಂದು ಸ್ಟಾರ್ ಅಲ್ಲಿ ಹೋಯಿತು. ಇನ್ನೊಂದು, ಆ ಕಾಗದದ ಒಂದು ಗೆರೆಗೆ. ಒಂದು ತಿಂಗಳ ಸಂಬಳದಷ್ಟು ಕಮಿಷನ್ ತೆಗೆದುಕೊಳ್ಳುವವರು ಶಾಲೆ ಎಷ್ಟು ದೂರ, ಲಿಫ್ಟ್ ಇದೆಯಾ, ಮಕ್ಕಳು ಎಷ್ಟು ಕೆಜಿ ಅಂತ ಕೇಳಬೇಕು. ಅವರ ಕೆಲಸವೇ ಅದು ಅಲ್ವಾ?

ಕಾನೂನು ಏನಾದರೂ ಹೇಳುತ್ತದಾ ಅಂತ ಹುಡುಕಿದೆ. ಮನೆಗೆಲಸದವರಿಗಾಗಿ ಮಹಾರಾಷ್ಟ್ರದಲ್ಲಿ 2008ರ ಕಲ್ಯಾಣ ಮಂಡಳಿ ಕಾಯ್ದೆ ಇದೆ. ಅದು ನೋಂದಣಿ, ಸಹಾಯಧನ ಇಂಥದ್ದಕ್ಕೆ. ಒಂದು ಮನೆಯಲ್ಲಿ ದಿನಕ್ಕೆ ಎಷ್ಟು ನಡೆಸಬಹುದು ಅನ್ನುವುದು ನೀವು ಮತ್ತು ಅವರು ಕೂತು ಮಾತಾಡಿಕೊಳ್ಳಬೇಕಾದದ್ದೇ. ನನಗೆ ಒಂದು ಅಳತೆ ಸಿಕ್ಕಿದ್ದು ಬೇರೆ ಕಡೆ. ಶಿಕ್ಷಣ ಹಕ್ಕು ಕಾಯ್ದೆಯ 2010ರ ಮಾದರಿ ನಿಯಮಗಳಲ್ಲಿ, ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ 1 ಕಿಲೋಮೀಟರ್ ನಡಿಗೆಯೊಳಗೆ ಶಾಲೆ ಇರಬೇಕು, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಎಂದಿದೆ. ಆರು ವರ್ಷ ತುಂಬಿದ ಮಗುವಿಗೇ ಸರ್ಕಾರ 1 ಕಿಲೋಮೀಟರ್ ಅನ್ನುತ್ತದೆ. ನಾವು ನಾಲ್ಕು ವರ್ಷದವಳನ್ನು ಒಂದೂವರೆ ಕಿಲೋಮೀಟರ್ ನಡೆಸಿ, ಎರಡು ವರ್ಷದವನನ್ನು ಜೊತೆಗೆ ಹೊರಿಸಿ, ಅದು 'ಸುಮ್ನೆ ಹತ್ತಿರ' ಅನ್ನುತ್ತಿದ್ದೆವು.

ಮಕ್ಕಳು ನಡೆಯಬಾರದು ಅಂತ ನಾನು ಹೇಳುತ್ತಿಲ್ಲ. ನಡೆಯಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಲ್ಲಿ, ಈ ವಯಸ್ಸಿನ ಮಕ್ಕಳು ದಿನಕ್ಕೆ 180 ನಿಮಿಷವಾದರೂ ಓಡಾಡುತ್ತಾ ಆಡುತ್ತಾ ಇರಬೇಕು, ಸ್ಟ್ರಾಲರ್‌ನಲ್ಲಿ ಒಂದೇ ಸಮ ಒಂದು ಗಂಟೆಗಿಂತ ಜಾಸ್ತಿ ಕಟ್ಟಿ ಕೂರಿಸಬಾರದು ಎಂದಿದೆ. ಆದರೆ ಮಗುವಿನ ನಡಿಗೆ ಅಂದರೆ ನಾಯಿ ಕಂಡರೆ ನಿಲ್ಲುವುದು, ಹೂವಿನಂಗಡಿ ಮುಂದೆ ಬಿದ್ದ ಸೇವಂತಿಗೆ ಎಸಳು ಹೆಕ್ಕುವುದು, ಮತ್ತೆ ಹಿಂದಕ್ಕೆ ಓಡುವುದು. ಹನ್ನೆರಡು ಗಂಟೆಯ ಬಿಸಿಲಲ್ಲಿ ಊಟದ ಹೊತ್ತು ಮೀರುತ್ತಿದೆ ಅಂತ ಎಳೆದುಕೊಂಡು ಬರುವುದು ಆಟ ಅಲ್ಲ. ಅದರಲ್ಲಿ ಮಗುವಿಗೂ ಸುಖ ಇಲ್ಲ, ಎಳೆಯುವವರಿಗಂತೂ ಇಲ್ಲವೇ ಇಲ್ಲ.

ದೀಪಾವಳಿಗೆ ಅತ್ತೆ ಸಾಗರದಿಂದ ಬಂದಿದ್ದಾಗ ಇದೇ ಮಾತು ಬಂತು. ಅವರೂ ಮೊದಲು 'ನಾವೆಲ್ಲ ಮೂರು ಮೈಲಿ ನಡೆದು ಶಾಲೆಗೆ ಹೋಗಿದ್ದೇವೆ' ಅಂದರು. ನಾನು ಜಗಳಕ್ಕೆ ಹೋಗಲಿಲ್ಲ, ಮರುದಿನ ಮೌಶಿ ಜೊತೆ ಅವರೂ ಶಾಲೆಗೆ ಹೋಗಿ ಬಂದರು. ಬಂದು ಕಾಲು ಚಾಚಿ ಕೂತು ಹೇಳಿದರು, 'ನಮ್ಮ ಗುಡ್ಡದ ದಾರಿಯಲ್ಲಿ ಹೊರೆ ಇಳಿಸೋಕೆ ಕಲ್ಲು ನಿಲ್ಲಿಸಿರ್ತಿದ್ರು ಕಣೆ. ಸೊಪ್ಪಿನ ಹೊರೆ ಅದರ ಮೇಲಿಟ್ಟು ಸುಧಾರಿಸಿಕೊಂಡು ಮುಂದೆ ಹೋಗ್ತಿದ್ವಿ. ಇಲ್ಲಿ ಮಗು ಇಳಿಸಿ ನಿಲ್ಲೋಕೆ ಜಾಗ ಎಲ್ಲಿದೆ?' ಹೊರೆ ಹೊರುವವರು ಎಲ್ಲಿ ಸುಸ್ತಾಗುತ್ತಾರೆ ಅಂತ ಆ ಕಲ್ಲು ನಿಲ್ಲಿಸಿದವರಿಗೆ ಗೊತ್ತಿತ್ತು.

ಪಕ್ಕದ ಬಿಲ್ಡಿಂಗಿನ ಒಬ್ಬರು 'ಅವರಿಗೆಲ್ಲ ನಡೆದು ಅಭ್ಯಾಸ ಇರುತ್ತೆ' ಅಂದರು. ಈ ಮಾತು ನನಗೆ ಸ್ವಲ್ಪವೂ ಸೇರುವುದಿಲ್ಲ. ಅಭ್ಯಾಸ ಇದ್ದರೆ ನೋವು ಆಗುವುದಿಲ್ಲವಾ? ಮೌಶಿಗೆ 48 ವರ್ಷ, ರಾತ್ರಿ ಮನೆಗೆ ಹೋಗಿ ಅವರೇ ಅಡುಗೆ ಮಾಡಬೇಕು.

ಈಗ ನಾವು ಏನು ಮಾಡಿದ್ದೇವೆ, ಅದನ್ನು ಹೇಳುತ್ತೇನೆ. ಬೆಳಿಗ್ಗೆ ಶಾಲೆಗೆ ಬಿಡುವುದು ನನ್ನ ಗಂಡನ ಕೆಲಸ. ಆಫೀಸಿಗೆ ಅರ್ಧ ಗಂಟೆ ತಡವಾಗಿ ಹೋಗಲು ಕೇಳಿಕೊಂಡರು, ಒಪ್ಪಿದರು. ಮಧ್ಯಾಹ್ನ ಮೌಶಿ ಚಿಕ್ಕವನ ಜೊತೆ ಹೋಗುತ್ತಾರೆ, ಬರುವಾಗ ಟ್ಯಾಕ್ಸಿ. ಹೊರಗಿನ ಊರಿನವರಿಗೆ ಗೊತ್ತಿರಲಿಕ್ಕಿಲ್ಲ, ಸಾಯನ್, ಮಾಹಿಮ್ ದಾಟಿ ದಕ್ಷಿಣಕ್ಕೆ ಆಟೋರಿಕ್ಷಾ ಬಿಡುವುದಿಲ್ಲ. ಹಾಗಾಗಿ ಮಾಟುಂಗಾದಲ್ಲಿ ಕೈ ತೋರಿಸಿದರೆ ನಿಲ್ಲುವುದು ಕಾಳಿ-ಪೀಳಿ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿ ಒಂದೇ. 2025ರ ಫೆಬ್ರವರಿಯಿಂದ ಅದರ ಮಿನಿಮಮ್ 31 ರೂಪಾಯಿ, ಒಂದೂವರೆ ಕಿಲೋಮೀಟರಿಗೆ. ಸಿಗ್ನಲ್‌ನಲ್ಲಿ ನಿಂತರೆ ನಮಗೆ 40ರ ಹತ್ತಿರ ಆಗುತ್ತದೆ. ತಿಂಗಳಿಗೆ ಇಪ್ಪತ್ತು ದಿನ ಶಾಲೆ ಅಂದರೆ 800 ರೂಪಾಯಿ. ನಾವು ಭಾನುವಾರ ಒಂದು ಸಲ ಹೊರಗೆ ತಿಂದರೆ ಅದಕ್ಕಿಂತ ಜಾಸ್ತಿ ಖರ್ಚಾಗುತ್ತದೆ. ಬೆಸ್ಟ್ (ಮುಂಬೈಯ ಸಿಟಿ ಬಸ್) ಕೂಡ ಇದೆ, ಟಿಕೆಟ್ 10 ರೂಪಾಯಿಯಿಂದ ಶುರು, ಆದರೆ ಸ್ಟಾಪಿಗೆ ನಡೆದು, ಕಾದು, ಎರಡು ಮಕ್ಕಳನ್ನು ಹತ್ತಿಸಿ, ಇಳಿದು ಮತ್ತೆ ನಡೆಯುವುದಕ್ಕೆ ನಮ್ಮ ದಾರಿಯಲ್ಲಿ ಅರ್ಥವಿಲ್ಲ.

ಕಷ್ಟ ಒಂದಿದೆ. ಇಷ್ಟು ಹತ್ತಿರಕ್ಕೆ ಟ್ಯಾಕ್ಸಿಯವರು ಬರಲ್ಲ ಅನ್ನುತ್ತಾರೆ. ಮೊದಲ ವಾರ ಮೂರು ದಿನ ಮೌಶಿ ನಡೆದೇ ಬಂದರು. ಆಮೇಲೆ ಅವರೇ ಶಾಲೆಯ ಹತ್ತಿರ ದಿನಾ ಊಟಕ್ಕೆ ನಿಲ್ಲುವ ಒಬ್ಬ ಡ್ರೈವರ್ ಅಣ್ಣನ ಜೊತೆ ಮಾತಾಡಿ 50 ರೂಪಾಯಿಗೆ ಕಾಯಂ ಮಾಡಿಸಿದರು. ಸಾವಿರ ಆಯಿತು ತಿಂಗಳಿಗೆ, ಆಗಲಿ. ಆ ಹಣ ತಿಂಗಳ ಮೊದಲೇ ಬೇರೆ ಕವರ್‌ನಲ್ಲಿ ಅವರ ಕೈಗೆ ಕೊಡುತ್ತೇನೆ. ದಿನಾ ಕೇಳಿ ತೆಗೆದುಕೊಳ್ಳುವ ಹಾಗೆ ಇಟ್ಟರೆ ಅವರು ಕೇಳುವುದಿಲ್ಲ, ನಡೆದುಬಿಡುತ್ತಾರೆ. ಇದನ್ನು ಎಲ್ಲರೂ ಗಮನಿಸಿ.

ಸಂಜೆಗೆ ಫೈವ್ ಗಾರ್ಡನ್ಸ್ ಬಿಟ್ಟೆವು, ಅದು ಈಗ ಭಾನುವಾರ ನಾವೇ ಹೋಗುವ ಜಾಗ. ಉಳಿದ ದಿನ ಫ್ಲೈಓವರ್ ಕೆಳಗಿನ ನಾನಾಲಾಲ್ ಮೆಹ್ತಾ ಉದ್ಯಾನ. ಮನೆಯಿಂದ ಏಳೆಂಟು ನಿಮಿಷ, ರಸ್ತೆಯೂ ಅರ್ಧವೇ ದಾಟಬೇಕು. ಅಲ್ಲಿನ ದಾರಿಯನ್ನು ನರ್ಮದಾ ನದಿ ಹರಿಯುವ ಹಾಗೆ ಮಾಡಿದ್ದಾರೆ, ಮಗಳು ಅದನ್ನು ಹೊಳೆ ಅನ್ನುತ್ತಾಳೆ. ಎರಡೂ ಕಡೆ ಟ್ರಾಫಿಕ್ ಇದೆ, ಹೊಗೆ ಇದೆ, ಅದು ನನಗೆ ಇಷ್ಟವಿಲ್ಲ. ಆದರೆ ಮೇಲೆ ಸೇತುವೆ ಇರುವುದರಿಂದ ಬಿಸಿಲಿಲ್ಲ, ಮೌಶಿಗೆ ಕೂರಲು ಜಾಗ ಇದೆ, ಮಕ್ಕಳು ಕಣ್ಣೆದುರೇ ಓಡುತ್ತಾರೆ.

ಇಷ್ಟೆಲ್ಲ ಆದ ಮೇಲೆ ನನ್ನ ಅಳತೆ ಇದು, ನೀವು ಒಪ್ಪದಿದ್ದರೂ ಪರವಾಗಿಲ್ಲ. ಒಂದು ಮಗು, ನಡೆಯುವ ವಯಸ್ಸು ಅಂದರೆ ಒಂದು ಕಡೆಗೆ 1 ಕಿಲೋಮೀಟರ್, ದಿನಕ್ಕೆ ಒಂದು ಸಲ ಹೋಗಿ ಬರುವುದು. ಇಬ್ಬರು ಮಕ್ಕಳು, ಅದರಲ್ಲಿ ಒಂದನ್ನು ಎತ್ತಿಕೊಳ್ಳಬೇಕು ಅಂದರೆ ಅರ್ಧ ಕಿಲೋಮೀಟರ್. ಅದಕ್ಕಿಂತ ಜಾಸ್ತಿ ಇದ್ದರೆ ಗಾಡಿ ಖರ್ಚು ಮನೆಯವರದು, ಸಂಬಳದಿಂದ ಹೊರಗೆ. ದೂರವನ್ನು ಮ್ಯಾಪ್‌ನಲ್ಲಿ ನೋಡಬೇಡಿ, ಮಕ್ಕಳ ಜೊತೆ ಒಂದು ದಿನ ನೀವೇ ನಡೆದು ನಿಮಿಷ ನೋಡಿ, ಅದೂ ಬರುವ ದಾರಿಯದ್ದು. ಅವರು ಸ್ಟೇಷನ್‌ನಿಂದ ನಡೆದು ಬರುವುದನ್ನೂ ಸೇರಿಸಿ.

ಮಳೆಗಾಲದ ಮಾತು ಬೇರೆ. ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್, ಹಿಂದ್‌ಮಾತಾ, ಜೋರು ಮಳೆಗೆ ಇಲ್ಲೆಲ್ಲ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು. 2017ರ ಆಗಸ್ಟ್ 29ರ ಮಳೆಯಲ್ಲಿ ಎಲ್ಫಿನ್‌ಸ್ಟನ್ ಕಡೆ ಒಬ್ಬ ಹಿರಿಯ ಡಾಕ್ಟರು ನೀರಿನಡಿಯ ತೆರೆದ ಮ್ಯಾನ್‌ಹೋಲ್‌ಗೆ ಬಿದ್ದು ತೀರಿಕೊಂಡರು. ಅಂಥ ನೀರಿನಲ್ಲಿ ಎರಡು ಮಕ್ಕಳನ್ನು ಹಿಡಿದು ನಡೆ ಅಂತ ಯಾರಿಗೂ ಹೇಳಲು ನಮಗೆ ಹಕ್ಕಿಲ್ಲ. ಆ ದಿನ ಶಾಲೆ ಬೇಡ. ಶಾಲೆಯಿಂದ ನಡುವೆ ಫೋನ್ ಬಂದರೆ ನಮ್ಮಿಬ್ಬರಲ್ಲಿ ಒಬ್ಬರು ಹೋಗುತ್ತೇವೆ.

ಏಜೆನ್ಸಿ ಬೇಕಾ ಅಂತ ಕೇಳಿದರೆ, ಗುರುತಿನವರ ಮೂಲಕ ಸಿಕ್ಕರೆ ಬೇಡ. ಸಿಗದಿದ್ದರೆ ಹೋಗಿ, ಕಾಗದಪತ್ರ ಮಟ್ಟಿಗೆ ನಂಬಬಹುದು. ಆದರೆ ಮೊದಲ ಫೋನಿನಲ್ಲೇ ನಡಿಗೆಯ ವಿಷಯ ತೆಗೆಯಿರಿ, ಮತ್ತು ಆ ಮಾತು ಕೆಲಸಕ್ಕೆ ಬರುವವರ ಎದುರೇ ಆಗಲಿ, ಸೂಪರ್‌ವೈಸರ್ ಜೊತೆ ಮಾತ್ರ ಬೇಡ. ಅವರು ಹೂಂ ಅನ್ನುವುದು ಬಹಳ ಸುಲಭ, ನಡೆಯುವವರು ಅವರಲ್ಲವಲ್ಲ.

ನಮ್ಮ ಅಗ್ರಿಮೆಂಟ್ ಜೂನ್‌ನಲ್ಲಿ ಮತ್ತೆ ಬರೆಯಬೇಕು. ಈ ಸಲ ಏಜೆನ್ಸಿಯ ಕಾಗದದ ಜೊತೆ ನಮ್ಮದೂ ಒಂದು ಹಾಳೆ ಇರುತ್ತದೆ. ಟ್ಯಾಕ್ಸಿ ಹಣ, ಯಾವ ಗಾರ್ಡನ್, ಬೆಳಿಗ್ಗೆ ಯಾರು, ಮಳೆ ಬಂದರೆ ಹೊರಗೆ ಹೋಗುವಂತಿಲ್ಲ, ಎಲ್ಲ ಬರೆದೆ. ಮೊನ್ನೆ ಅದನ್ನು ಮೌಶಿಗೆ ಓದಿ ಹೇಳಿದೆ. ಎಲ್ಲದಕ್ಕೂ ತಲೆಯಾಡಿಸಿದರು, ಒಂದು ಕಡೆ ಮಾತ್ರ ತಡೆದರು. 'ಮಳಿ ಅಂತ ಬರೀಬ್ಯಾಡ್ರಿ ಅಕ್ಕಾರ, ನೀರು ನಿಂತ್ರ ಅಂತ ಬರೀರಿ. ಸಣ್ಣ ಮಳ್ಯಾಗ ಹೊರಗ ಹೋಗೂದು ಹುಡುಗರಿಗೆ ಭಾಳ ಸೇರ್ತದ.'

ಹೊಡೆದುಹಾಕಿ ಹಾಗೇ ಬರೆದೆ.